ಗಂಗುಲಮ್ಮನ ಶುಂಠಿ ಲೇಹ್ಯ

"ಮೇಷ್ಟ್ರಮ್ಮ, ನಾನು ಮಾಡಿದ ಲೇಹ್ಯ ತಿಂದು ಬಾಣಂತಿ ಸಾಯೋ ಹಂಗಾಗವ್ಳೆ. ದೇವ್ರಾಣೆ, ನಾನೇನೂ ಬೆರೆಸಿಲ್ಲ!"

ಮಂಡಿಕಲ್ಲಿನ ಗಂಗುಲಮ್ಮ ಮಡಿಲಲ್ಲಿ ಭರಣಿ ಇಟ್ಟುಕೊಂಡು ಅತ್ತಳು. ಐವತ್ತರ ದಶಕದಲ್ಲಿ ಚಿಕ್ಕಬಳ್ಳಾಪುರದ ಸೀಮೆಯಲ್ಲಿ ಪೊಲೀಸರಿಗೂ ಬಗೆಹರಿಯದ್ದು ನಿವೃತ್ತ ಹೆಡ್‌ಮಿಸ್ಟ್ರೆಸ್ ವೆಂಕಟರತ್ನಮ್ಮನ ಜಗಲಿಗೆ ಬರುತ್ತಿತ್ತು. ಪಕ್ಕದ ಮನೆಯ ಗೆಳತಿ ಆಂಜಿನಮ್ಮ ಗಂಗುಲಮ್ಮನಿಗೆ ನೀರು ತಂದುಕೊಟ್ಟಳು. ಆಂಜಿನಮ್ಮನ ಮಗಳ ಬಾಣಂತನಕ್ಕೂ ಇದೇ ಲೇಹ್ಯ ಬಂದಿತ್ತು.

"ಯಾರ ಮೇಲೆ ಅನುಮಾನ?" ಎಂದು ಕೇಳಿದರು ವೆಂಕಟರತ್ನಮ್ಮ.

"ನಮ್ಮ ಯಜಮಾನ್ರು ನಲ್ಲಪ್ಪನ ಮೇಲೆ ಅಂತಾರೆ. ಅವನೂ ನಮ್ಮ ಹಂಗೇ ನಾಟಿ ವೈದ್ಯ. ಲೇಹ್ಯ ಆರಿದ ಮೇಲೆ ಮನೆಗೆ ಬಂದಿದ್ದ. ಮುಚ್ಚಳ ತೆಗೆದಿದ್ದು ಕಂಡೆ ಅಂತಾರೆ."

"ಲೇಹ್ಯಕ್ಕೆ ಯಾರು ಯಾರು ಕೈ ಹಾಕಿದ್ರಿ?"

"ಹಸಿ ಶುಂಠಿ ಅರೆದು ಪಾಕಕ್ಕೆ ಹಾಕಿದ್ದು ನಾನು. ಒಣಶುಂಠಿ ಕುಟ್ಟಿ ಉದುರಿಸಿದ್ದು ಅವ್ರು. ಬಿಸಿಬಿಸೀಲೇ ಎರಡು ಭರಣಿ ತುಂಬಿ ಮೇಲೆ ತುಪ್ಪ ಹುಯ್ದೆ. ಒಂದು ಭರಣಿ ಶಿಡ್ಲಘಟ್ಟದ ಬಾಣಂತಿ ಶ್ಯಾಮಲಮ್ಮಂಗೆ ಹೋಯ್ತು, ಇನ್ನೊಂದು ಇದು. ಬಾಣಲೆ ಬಳಿದು ತಿನ್ನೋದು ಅವ್ರಿಗೆ ಪ್ರಾಣ, ಅವತ್ತು ಮಾತ್ರ ಅವ್ರೇ ತೊಳೆದಿಟ್ರು."

ವೆಂಕಟರತ್ನಮ್ಮ ಮುಚ್ಚಳ ತೆಗೆದರು. ತುಪ್ಪ ಗಾಜಿನಂತೆ ಹೆಪ್ಪುಗಟ್ಟಿತ್ತು. ಒಂದು ಗೀರೂ ಇರಲಿಲ್ಲ. ಅದನ್ನು ಆಂಜಿನಮ್ಮನಿಗೂ ತೋರಿಸಿ, ಭರಣಿಯನ್ನು ಡಾಕ್ಟರಿಗೆ ಕಳಿಸಿದರು.

ಶ್ಯಾಮಲಮ್ಮ ಚೇತರಿಸಿಕೊಂಡಳೆಂಬ ಸುದ್ದಿ ಬಂದ ದಿನ ಎಲ್ಲರೂ ಜಗಲಿಯಲ್ಲಿ ಸೇರಿದರು. ಗಂಗುಲಮ್ಮನ ಗಂಡ ಮುನಿಶಾಮಪ್ಪ ನಲ್ಲಪ್ಪನನ್ನೇ ದುರುಗುಟ್ಟಿ ನೋಡುತ್ತಿದ್ದ.

"ಈ ಭರಣೀಲೂ ಭೇದಿ ಮಾಡಿಸೋ ಜಾಪಾಳ ಇದೆ ಅಂದ್ರು ಡಾಕ್ಟರು" ಎಂದರು ವೆಂಕಟರತ್ನಮ್ಮ. "ಆದ್ರೆ ತುಪ್ಪ ಒಡೆದಿರಲಿಲ್ಲ. ಅಂದ್ಮೇಲೆ ಅದು ಬೆರೆತಿದ್ದು ಒಲೆ ಮೇಲೇನೇ. ಆಮೇಲೆ ಬಂದ ನಲ್ಲಪ್ಪ ಬೆರೆಸೋಕಾಗಲ್ಲ. ಒಲೆ ಹತ್ರ ಇದ್ದೋರು ಇಬ್ಬರೇ. ಗಂಗುಲಮ್ಮ ತಪ್ಪು ಮಾಡಿದ್ರೆ ಉಳಿದ ಭರಣೀನ ತಾನಾಗೇ ತಂದು ಕೊಡ್ತಿದ್ಲಾ? ಪುಡಿ ಉದುರಿಸಿದ್ದು ನೀವು, ಮುನಿಶಾಮಪ್ಪನೋರೆ. ಲೇಹ್ಯದಲ್ಲಿ ಏನಿದೆ ಅಂತ ಗೊತ್ತಿದ್ದಕ್ಕೇ ಬಾಣಲೆ ನೆಕ್ಕದೆ ತೊಳೆದ್ರಿ."

ಮುನಿಶಾಮಪ್ಪನ ಮುಖ ಕಪ್ಪಿಟ್ಟಿತು. "ಸಾಯಲಿ ಅಂತ ಮಾಡ್ಲಿಲ್ಲ. ಮೂರು ತಲೆಮಾರಿನ ವೈದ್ಯ ನಾನು. ಬಾಗಿಲಿಗೆ ಬಂದೋರೆಲ್ಲ ನನ್ನ ಮುಂದೇನೇ 'ಅಮ್ಮನ್ನ ಕರೀರಿ' ಅಂತಾರೆ. ಇವಳ ಕೈಗುಣ ಅಂತೆ! ಒಂದ್ಸಲ ಇವಳ ಹೆಸರು ಕೆಡಲಿ ಅನ್ನಿಸ್ತು."

ಗಂಡಹೆಂಡಿರ ಜಗಳ ಕಂಡಿದ್ದ ಆಂಜಿನಮ್ಮನಿಗೂ ಇಂಥ ಹೊಟ್ಟೆಕಿಚ್ಚು ಹೊಸದು. ಅವಳಿಗೆ ಅವನ ಮುಖ ನೋಡಲಾಗಲಿಲ್ಲ.

ಗಂಗುಲಮ್ಮ ಕಣ್ಣೊರೆಸಿಕೊಂಡು ಎದ್ದಳು. "ಬಾಯಿಬಿಟ್ಟು ಕೇಳಿದ್ರೆ ಲೇಹ್ಯಾನ ನಿಮ್ಮ ಹೆಸರಲ್ಲೇ ಕೊಡ್ತಿದ್ದೆ" ಎಂದಳು. "ಇನ್ನು ಕೊಡಲ್ಲ."

ಮಂಡಿಕಲ್ಲಿಗೆ ಹೋಗುವ ಬಸ್ಸು ಬಂದು ನಿಂತಿತ್ತು. ಅವಳು ಅದನ್ನು ಹತ್ತಲಿಲ್ಲ. ಶ್ಯಾಮಲಮ್ಮನ ಆರೈಕೆಗೆಂದು ಶಿಡ್ಲಘಟ್ಟದ ಬಸ್ಸಿನ ಕಡೆ ನಡೆದಳು.