ಕನ್ನಡಿ ಮೊಲಕ್ಕೆ ಅಳು ಕಲಿಸಿದವಳು

ಬಹಳ ಹಿಂದಿನ ಮಾತು. ಮರಗಳು ಇನ್ನೂ ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದ ಕಾಲದಲ್ಲಿ ಹಂಸಾವತಿ ಎಂಬ ರಾಜ್ಯವಿತ್ತು. ಅಲ್ಲಿ ನದಿ ದಡದ ಒಂದು ಊರಿನಲ್ಲಿ ಸೋಮಲೆ ಎಂಬ ಹೆಣ್ಣುಮಗಳು ಕಂಚಿನ ಕನ್ನಡಿ ಮಾಡಿ ಬದುಕುತ್ತಿದ್ದಳು. ಅವಳ ಕೈಯಲ್ಲಿ ಒಂದು ವಿದ್ಯೆ ಇತ್ತು. ಸೂರ್ಯ ಹುಟ್ಟುವ ಮೊದಲು ಹುಲ್ಲಿನ ಮೇಲಿನ ಇಬ್ಬನಿ ತಂದು ಕನ್ನಡಿ ತಿಕ್ಕಿದರೆ, ಅವಳು ಮನಸ್ಸಿನಲ್ಲಿ ನೆನೆದ ಪ್ರಾಣಿ ಅದರೊಳಗೆ ಕಣ್ಣು ಬಿಡುತ್ತಿತ್ತು.

ಒಂದು ವರ್ಷ ನದಿಗೆ ನೆರೆ ಬಂತು. ಅಂಬಿಗ ತಿಪ್ಪಯ್ಯನ ಹೆಂಡತಿ ನೀರಿನಲ್ಲಿ ಕೊಚ್ಚಿಹೋದಳು. ಅವರ ಮಗಳು ಕೆಂಚಿಗೆ ಆಗ ಹನ್ನೊಂದು ವರ್ಷ. ಅವಳು ಪಕ್ಕದ ಮನೆಯ ಸೋಮಲೆಯ ಮಡಿಲಿಗೆ ಬಂದು ಅತ್ತಳು. ಮೊದಲು ತುಟಿಯನ್ನು ಒಳಗೆ ಎಳೆದುಕೊಂಡಳು. ಆಮೇಲೆ ಮೂರು ಸಲ ಬಿಕ್ಕಿದಳು. ಆಮೇಲೆ ಸದ್ದು ನಿಲ್ಲಿಸಿ, ಸೋಮಲೆಯ ಮುಖವನ್ನೇ ನೋಡುತ್ತ ಕಣ್ಣೀರು ಸುರಿಸಿದಳು.

ಆ ಸಂಕಟ ನೋಡಲಾರದೆ ಸೋಮಲೆ ಅಂಗೈ ಅಗಲದ ಕನ್ನಡಿಯೊಂದರಲ್ಲಿ ಬೆರಳುದ್ದದ ಬಿಳಿ ಮೊಲ ಮಾಡಿ ಅವಳಿಗೆ ಕೊಟ್ಟಳು. ಮೊಲ ಕರೆದರೆ ಓಡಿ ಬರುತ್ತಿತ್ತು. ಕನ್ನಡಿ ಸವರಿದರೆ ಕಿವಿ ಮಡಚಿ ಮಲಗುತ್ತಿತ್ತು. ಅದಕ್ಕೆ ಹಸಿವಿಲ್ಲ, ನೀರಡಿಕೆಯಿಲ್ಲ. ಕೆಂಚಿ ಅದಕ್ಕೆ ಮಿಣುಕ ಎಂದು ಹೆಸರಿಟ್ಟಳು. ಎಂಟನೆಯ ದಿನ ಅವಳು ನಕ್ಕಳು.

ಆ ಮೊಲವನ್ನು ನೋಡಿದವರೆಲ್ಲ ತಮಗೂ ಬೇಕೆಂದರು. ಸೋಮಲೆ ಮಾಡಿ ಕೊಟ್ಟಳು. ಒಬ್ಬರಿಗೆ ಗಿಳಿ, ಒಬ್ಬರಿಗೆ ಜಿಂಕೆಮರಿ. ಒಂದು ಕನ್ನಡಿಗೆ ಒಂದು ಬೆಲೆ, ಕೊಟ್ಟರೆ ಮುಗಿಯಿತು.

ಹೀಗಿರುವಾಗ ಕರಿಗಲ್ಲಿನ ಕೋಟೆಯ ಮಾಂತ್ರಿಕ ಕಾಲಜಂಘ ಅವಳ ಅಂಗಡಿಗೆ ಬಂದ. ಕನ್ನಡಿಗಳನ್ನು ಒಂದೊಂದಾಗಿ ಎತ್ತಿ ನೋಡಿದ.

"ಕೈ ಒಳ್ಳೆಯದಿದೆ ತಾಯಿ, ಬುದ್ಧಿ ಸಾಲದು" ಎಂದ. "ಒಂದು ಸಲ ಮಾರುತ್ತೀಯ, ಆಮೇಲೆ ನಿನ್ನನ್ನು ಯಾರು ನೆನೆಯುತ್ತಾರೆ? ಇವಕ್ಕೆ ಹಸಿವು ಕೊಡು. ತಿನ್ನುವ ನೀಲಿ ಕಾಳು ನನ್ನ ಕೋಟೆಯಲ್ಲಿ ಮಾತ್ರ ಸಿಗಲಿ. ಕನ್ನಡಿಯನ್ನು ಬಿಟ್ಟಿ ಹಂಚು, ಕಾಳಿನ ಹಣದಲ್ಲಿ ನಿನಗೂ ಪಾಲು."

ಸೋಮಲೆ ಹಳೆಯವು ಹೊಸವು ಎನ್ನದೆ ಎಲ್ಲ ಪ್ರಾಣಿಗಳಿಗೂ ಹಸಿವು ಕೊಟ್ಟಳು. ಕನ್ನಡಿ ಮನೆಮನೆಗೂ ಹೋಯಿತು. ಜನ ಕಾಳು ಕೊಳ್ಳಲು ಕೋಟೆಯ ಮುಂದೆ ಸಾಲು ನಿಂತರು.

ಎರಡನೆಯ ಸಲ ಕಾಲಜಂಘ ಬಂದ. "ಇವಕ್ಕೆ ಬಂಗಾರದ ಕೊರಳಪಟ್ಟಿ, ರೇಷ್ಮೆ ಟೋಪಿ ಮಾಡು. ಒಬ್ಬರ ಪ್ರಾಣಿಯ ಸೊಗಸು ಇನ್ನೊಬ್ಬರ ಕನ್ನಡಿಯಲ್ಲಿ ಕಾಣಲಿ" ಎಂದ. ಸೋಮಲೆ ಅದನ್ನೂ ಮಾಡಿದಳು. ಅಕ್ಕಪಕ್ಕದವರು ಒಬ್ಬರನ್ನೊಬ್ಬರು ನೋಡಿ ಕುದಿದರು. ರಾಜ ಸೋಮಲೆಯನ್ನು ಆಸ್ಥಾನಕ್ಕೆ ಕರೆಸಿ ಶಾಲು ಹೊದೆಸಿದ.

ಮೂರನೆಯ ಸಲ ಕಾಲಜಂಘ ಬಂದ. "ಕೆಲವರು ಕಾಳು ಹಾಕುವುದನ್ನು ಮರೆಯುತ್ತಿದ್ದಾರೆ. ಹಸಿದ ಪ್ರಾಣಿ ಅಳಬೇಕು. ಸುಮ್ಮನೆ ಅತ್ತರೆ ಆಗದು. ಕಂಡವರಿಗೆ ತಡೆದುಕೊಳ್ಳಲು ಆಗಬಾರದು, ಹಾಗೆ ಅಳಬೇಕು."

ಸೋಮಲೆ ಹತ್ತು ಬಗೆಯ ಅಳು ಮಾಡಿ ನೋಡಿದಳು. ಯಾವುದೂ ನಾಟಲಿಲ್ಲ. ಆಗ ಅವಳಿಗೆ ಕೆಂಚಿಯ ಅಳು ನೆನಪಾಯಿತು. ಒಳಗೆ ಎಳೆದ ತುಟಿ, ಮೂರು ಬಿಕ್ಕು, ಸದ್ದಿಲ್ಲದ ಆ ನೋಟ. ಅದನ್ನೇ ಹಾಗೆಯೇ ತೆಗೆದು ಕನ್ನಡಿಗೆ ತಿಕ್ಕಿದಳು. ತನ್ನ ಕೆಲಸಗಳಲ್ಲೆಲ್ಲ ಇದೇ ಚೆನ್ನಾಗಿ ಬಂತು ಎಂದು ಆ ದಿನ ಅವಳಿಗೆ ಹೆಮ್ಮೆಯಾಯಿತು.

ಆಮೇಲೆ ರಾಜ್ಯ ಬೇರೆಯೇ ಆಯಿತು. ತಾಯಂದಿರು ಒಲೆಯ ಮೇಲಿನ ಅನ್ನ ಸೀದರೂ ಕನ್ನಡಿ ಬಿಟ್ಟು ಏಳಲಿಲ್ಲ. ನೇಕಾರರು ಮಗ್ಗ ಬಿಟ್ಟು ಕಾಳಿಗೆ ಓಡಿದರು. ಸೋಮಲೆ ಎರಡು ಅಂತಸ್ತಿನ ಮನೆ ಕಟ್ಟಿಸಿಕೊಂಡು ಇದ್ಯಾವುದನ್ನೂ ನೋಡದ ಹಾಗಿದ್ದಳು.

ಒಂದು ದಿನ ಅವಳು ನದಿಗೆ ಹೋದಾಗ ಕೆಂಚಿ ಮೆಟ್ಟಿಲ ಮೇಲೆ ಕೂತಿದ್ದಳು. ಅವಳ ಮುಂಗೈ ಬರಿದಾಗಿತ್ತು. ನೆರೆಯ ಹಿಂದಿನ ದಿನ ತಾಯಿ ತನ್ನ ಕೈಯಿಂದ ತೆಗೆದು ಮಗಳಿಗೆ ತೊಡಿಸಿದ್ದ ಬೆಳ್ಳಿ ಕಡಗ ಅಲ್ಲಿರಲಿಲ್ಲ.

"ಕಡಗ ಎಲ್ಲಿ ಕೆಂಚಿ?"

"ಕೋಟೆಗೆ ಕೊಟ್ಟೆ ಅಕ್ಕ, ಕಾಳಿಗೆ." ಕೆಂಚಿ ಕನ್ನಡಿಯನ್ನು ಎದೆಗೆ ಒತ್ತಿಕೊಂಡಳು. "ಮಿಣುಕ ಅಳ್ತಿದ್ದ. ಅವನು ಅಳೋದನ್ನ ನೋಡಿದ್ರೆ ನಂಗೆ ಇಲ್ಲಿ ಹಿಂಡಿದಂಗೆ ಆಗ್ತದೆ. ಯಾಕೋ ಗೊತ್ತಿಲ್ಲ."

ಯಾಕೆಂದು ಸೋಮಲೆಗೆ ಗೊತ್ತಿತ್ತು. ಅವಳ ಕಿವಿ ಬಿಸಿಯಾಯಿತು, ಮುಖ ಬಿಸಿಯಾಯಿತು. ಮನೆಗೆ ಬಂದು ಬಾಗಿಲು ಹಾಕಿಕೊಂಡಳು. ಮೂರು ದಿನ ಯಾರ ಮುಖವನ್ನೂ ನೋಡಲಿಲ್ಲ. ನಾಲ್ಕನೆಯ ದಿನ ಬೆಳಗ್ಗೆ ಕರಿಗಲ್ಲಿನ ಕೋಟೆಗೆ ಹೊರಟಳು.

ಕೋಟೆಗೆ ಮೂರು ಬಾಗಿಲು. ಮೊದಲ ಬಾಗಿಲಿನಲ್ಲಿ ಮನೆಯಷ್ಟು ಎತ್ತರದ ಕರಡಿ ಕೂತಿತ್ತು.

"ಕನ್ನಡಿಯ ಪ್ರಾಣಿಗಳಿಗೆ ಹಸಿವು ಕೊಟ್ಟವರು ಯಾರು?" ಎಂದು ಕೇಳಿತು.

"ಕಾಲಜಂಘ" ಎಂದಳು. ಕರಡಿ ಹಲ್ಲು ಕಿರಿಯಿತು.

"ಕಾಲಜಂಘ ಹೇಳಿದ, ನಾನು ಮಾಡಿದೆ" ಎಂದಳು. ಕರಡಿ ಅಲುಗಲಿಲ್ಲ.

"ನಾನು" ಎಂದಳು. ಕರಡಿ ಎದ್ದು ದಾರಿ ಬಿಟ್ಟಿತು.

ಎರಡನೆಯ ಬಾಗಿಲಿನಲ್ಲಿ ನವಿಲು. ಅದರ ಗರಿಯ ಕಣ್ಣುಗಳೆಲ್ಲ ನಿಜವಾದ ಕಣ್ಣುಗಳು, ಎಲ್ಲವೂ ಅವಳನ್ನೇ ನೋಡುತ್ತಿದ್ದವು.

"ಯಾಕೆ ಮಾಡಿದೆ?"

"ಹೊಟ್ಟೆಪಾಡಿಗೆ."

ಕಣ್ಣುಗಳು ರೆಪ್ಪೆ ಮಿಟುಕಿಸಲಿಲ್ಲ. ಸೋಮಲೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. "ಹೊಟ್ಟೆಗೆ ಇತ್ತು. ಎಲ್ಲರ ಬಾಯಲ್ಲೂ ನನ್ನ ಹೆಸರು ಇರಬೇಕು ಅನ್ನಿಸಿತು" ಎಂದಳು. ನವಿಲು ಗರಿ ಮಡಚಿತು.

ಮೂರನೆಯ ಬಾಗಿಲಿನಲ್ಲಿ ಎತ್ತಿನಷ್ಟು ದೊಡ್ಡ ಬಿಳಿ ಮೊಲವೊಂದು ನಿಂತಿತ್ತು. ಅದು ತುಟಿಯನ್ನು ಒಳಗೆ ಎಳೆದುಕೊಂಡಿತು. ಮೂರು ಸಲ ಬಿಕ್ಕಿತು. ಆಮೇಲೆ ಸದ್ದಿಲ್ಲದೆ ಅವಳ ಮುಖವನ್ನೇ ನೋಡಿ ಕಣ್ಣೀರು ಸುರಿಸಿತು. ಸೋಮಲೆ ಅದರ ಮುಂದೆ ನೆಲದ ಮೇಲೆ ಕೂತುಬಿಟ್ಟಳು.

"ಇದು ಯಾರ ಅಳು?"

"ಕೆಂಚಿಯದು. ತಾಯಿ ಸತ್ತ ದಿನ ಅವಳು ನನ್ನ ಮಡಿಲಲ್ಲಿ ಅತ್ತದ್ದು. ಅವಳನ್ನು ಕೇಳದೆ ತೆಗೆದುಕೊಂಡೆ."

"ಹಾಗಾದರೆ ನನ್ನ ಮಾತು ಕೇಳು" ಎಂದಿತು ಮೊಲ. "ಈ ಮಾಯೆಯ ಗಂಟೆಲ್ಲ ಆ ಅಳುವಿನಲ್ಲಿದೆ. ನನಗೆ ಹೇಳಿದ್ದನ್ನು ನೀನು ಕೆಂಚಿಗೆ ಹೇಳಬೇಕು. ಅವಳು ತನ್ನ ಬಾಯಿಂದ ಅದನ್ನು ವಾಪಸು ಕೇಳಬೇಕು. ಆಗ ಗಂಟು ಬಿಚ್ಚುತ್ತದೆ."

ಒಳಗೆ ನೀಲಿ ಕಾಳಿನ ಗುಡ್ಡದ ಮೇಲೆ ಕಾಲಜಂಘ ಕೂತಿದ್ದ. ಅವನ ಕೈಯಲ್ಲಿ ಬೆಳ್ಳಿ ಕಡಗವಿತ್ತು.

"ಇದಕ್ಕೇ ತಾನೇ ಬಂದದ್ದು? ತಗೋ" ಎಂದ ಮೆಲ್ಲಗೆ. "ಕೆಂಚಿಯ ಮೊಲಕ್ಕೆ ಇನ್ನು ಮೇಲೆ ಹಸಿವಾಗದ ಹಾಗೆ ಮಾಡುತ್ತೇನೆ. ಕಡಗ ನೀನೇ ಕೊಡು, ನಿನ್ನನ್ನು ದೇವರ ಹಾಗೆ ನೋಡುತ್ತಾಳೆ. ಅಳುವಿನ ಮಾತು ಹೇಳಿ ಆ ಮಗುವಿನ ಮನಸ್ಸು ಯಾಕೆ ನೋಯಿಸುತ್ತೀ? ನಿನ್ನ ಮರ್ಯಾದೆಯೂ ಉಳಿಯುತ್ತದೆ."

ಸೋಮಲೆ ಕೈ ಚಾಚಿದಳು. ಬೆರಳು ಕಡಗಕ್ಕೆ ತಾಗಿತು. ಹೌದೆನ್ನಬೇಕೆಂದು ಅವಳಿಗೆ ತುಂಬ ಆಸೆಯಾಗಿತ್ತು. ಕಡೆಗೆ ಕೈ ಹಿಂದಕ್ಕೆ ತೆಗೆದುಕೊಂಡಳು.

"ಹೋಗು, ನೋಡೋಣ" ಎಂದು ಕಾಲಜಂಘ ನಕ್ಕ. "ಅವಳೆದುರು ನಿನ್ನ ಬಾಯಿ ಏಳುವುದಿಲ್ಲ."

ಸೋಮಲೆ ಊರಿಗೆ ಮರಳಿದಾಗ ನಡು ಮಧ್ಯಾಹ್ನ. ದೋಣಿಗೆ ಕಾದು ಊರಿನ ಅರ್ಧ ಜನ ದಡದಲ್ಲಿ ನಿಂತಿದ್ದರು. ತಿಪ್ಪಯ್ಯ ಹಗ್ಗ ಬಿಚ್ಚುತ್ತಿದ್ದ. ಸೋಮಲೆ ಕೆಂಚಿಯ ಮುಂದೆ ನಿಂತಳು. ಎರಡು ಸಲ ಬಾಯಿ ತೆರೆದು ಮುಚ್ಚಿದಳು.

"ಕೆಂಚಿ, ಮಿಣುಕ ಅಳೋ ಅಳು ನಿಂದು. ನಿನ್ನವ್ವ ಹೋದ ದಿನ ನೀನು ಅತ್ತೆಯಲ್ಲ, ಅದನ್ನ ನಾನು ನೋಡಿ ಇಟ್ಟುಕೊಂಡಿದ್ದೆ. ಅದನ್ನ ಎಲ್ಲ ಕನ್ನಡಿಗೂ ಹಾಕಿ ಮಾರಿದೆ. ನಿನ್ನ ಕಡಗ ಹೋದದ್ದು ನನ್ನಿಂದ."

ತಿಪ್ಪಯ್ಯನ ಕೈಯಿಂದ ಹಗ್ಗ ಜಾರಿತು. ಕೆಂಚಿ ಕೈಯಲ್ಲಿದ್ದ ಕನ್ನಡಿಯನ್ನು ನೋಡಿದಳು, ಸೋಮಲೆಯನ್ನು ನೋಡಿದಳು. ಸೋಮಲೆಗೆ ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಆದರೂ ನಿಂತಲ್ಲಿಂದ ಕದಲಲಿಲ್ಲ.

"ನಂದು ನಂಗೆ ಕೊಡು" ಎಂದಳು ಕೆಂಚಿ.

ಅಷ್ಟು ಹೇಳಿ ಅವಳು ಅತ್ತಳು. ಸೋಮಲೆ ಹತ್ತಿರ ಹೋಗಲು ನೋಡಿದಳು, ಕೆಂಚಿ ಅಪ್ಪನ ಕಡೆಗೆ ತಿರುಗಿದಳು.

ಅದೇ ಗಳಿಗೆಯಲ್ಲಿ ರಾಜ್ಯದ ಎಲ್ಲ ಕನ್ನಡಿಗಳಲ್ಲೂ ಅಳು ನಿಂತಿತು. ಪಟ್ಟಿಗಳು, ಟೋಪಿಗಳು ಉದುರಿದವು. ಪ್ರಾಣಿಗಳ ಹಸಿವು ಹೋಯಿತು. ಕರಿಗಲ್ಲಿನ ಕೋಟೆಯ ನೀಲಿ ಕಾಳು ಮರಳಾಗಿ ಕುಸಿಯಿತು, ಕಾಲಜಂಘ ಅದರಡಿ ಹೊಗೆಯಾಗಿ ಹೋದ. ಜನ ಮರಳು ತೋಡಿ ತಮ್ಮ ತಮ್ಮ ಒಡವೆ ಹುಡುಕಿಕೊಂಡರು. ತಿಪ್ಪಯ್ಯನಿಗೆ ಕಡಗ ಸಿಕ್ಕಿತು. ಸೋಮಲೆ ಅಂತಸ್ತಿನ ಮನೆಯನ್ನು ನೇಕಾರರಿಗೆ ಬಿಟ್ಟುಕೊಟ್ಟು ಹಳೆಯ ಅಂಗಡಿಗೆ ಬಂದಳು.

ಒಂದು ವರ್ಷ ಕೆಂಚಿ ಅವಳ ಹೊಸಿಲು ತುಳಿಯಲಿಲ್ಲ. ಆಮೇಲೆ ಒಂದು ದಿನ ಸೋಮಲೆ ಆಚೆ ದಡಕ್ಕೆ ಹೋಗಬೇಕಾಗಿ ಬಂತು. ದೋಣಿಯಲ್ಲಿ ಕೆಂಚಿಯೇ ಹುಟ್ಟು ಹಾಕುತ್ತಿದ್ದಳು, ಬೇರೆ ಯಾರೂ ಇರಲಿಲ್ಲ. ನಡುನೀರಿನಲ್ಲಿ ಅವಳು ಕೇಳಿದಳು:

"ಅವತ್ತು ನಾನು ಅಳ್ತಿದ್ದಾಗ ನೀನೂ ಅಳ್ತಿದ್ದೆಯಾ, ಇಲ್ಲ ನೋಡ್ತಾ ಇದ್ದೆಯಾ?"

ಸೋಮಲೆ ತಲೆ ತಗ್ಗಿಸಿದಳು. "ಅಳ್ತಾ ಇದ್ದೆ. ನೋಡ್ತಾನೂ ಇದ್ದೆ."

ಕೆಂಚಿ ದೋಣಿ ನಡೆಸಿದಳು. ದಡ ಹತ್ತಿರವಾದಾಗ ಕೈ ಚಾಚಿದಳು. "ಹುಷಾರಾಗಿ ಇಳಿ ಅಕ್ಕ, ಕೆಸರಿದೆ" ಎಂದಳು.

ಹಂಸಾವತಿಯ ಜನ ಉಂಡು ಉಟ್ಟು ಸುಖವಾಗಿ ಬಹಳ ಕಾಲ ಬದುಕಿದರು. ಅವರ ನಡುವೆ ಸೋಮಲೆಯೂ ಇದ್ದಳು.