ಹೆಸರು ಹೇಳುವ ಸರದಿ

"ಒಮೊಲ್ಲೊ ಇದ್ದಾರಾ?" ಫೋನಿನಲ್ಲಿ ಜೇನು ಸುರಿಯುವ ದನಿ.

"ನೀವ್ಯಾರು?"

"ನೆಕೆಸಾ ಅಂತ. ಅವರ ಹತ್ರಾನೇ ಮಾತಾಡಬೇಕಿತ್ತು."

ಮೂರು ದಿನಗಳಲ್ಲಿ ಇದು ನಾಲ್ಕನೇ ಕರೆ. ಒಮೊಲ್ಲೊ ತನ್ನ ಫೋನನ್ನು ನನ್ನ ಮೀನಂಗಡಿಯಲ್ಲಿ ಚಾರ್ಜಿಗಿಟ್ಟು ಹೋಗಿದ್ದ. ಬಾಣಲೆಯ ಎಣ್ಣೆಗಿಂತ ನನ್ನ ಹೊಟ್ಟೆಯೇ ಹೆಚ್ಚು ಕಾದಿತ್ತು. ಮುಂದಿನ ತಿಂಗಳು ನಮ್ಮಪ್ಪನ ಅಂಗಳಕ್ಕೆ ಮದುವೆಯ ತೆರದ ಹಸುಗಳನ್ನು ಹೊಡೆದುಕೊಂಡು ಬರಬೇಕಾದ ಗಂಡು! ಹೋಮಾ ಬೇ ಪೇಟೆಯಲ್ಲಿ ಬಾಡಿಗೆ ಬೈಕ್ ಓಡಿಸುವವನ ಬೆನ್ನಿಗೆ ಹೆಣ್ಣುಗಳ ಬರವೇ?

"ಯಾರೋ ಅವಳು ನೆಕೆಸಾ?" ಬಂದವನನ್ನು ಹಿಡಿದುಕೊಂಡೆ.

"ನಂಗೇನು ಗೊತ್ತು, ಆವೊಕೊ? ಸಿಟ್ಟು ಬಂದ್ರೆ ನಿನ್ನ ಮೂಗು ಎಷ್ಟು ಚೆಂದ ಅರಳುತ್ತೆ!"

ಓರೆಗಣ್ಣಿನಲ್ಲಿ ನೋಡಿ ನಕ್ಕ. ಹಾಳಾದ್ದು, ಆ ನೋಟಕ್ಕೇ ನಾನು ಸೋತದ್ದು. ಆ ನಂಬರಿಗೆ ಕರೆ ಮಾಡುತ್ತಾ ಹೊರಟವನ ಹಿಂದೆಯೇ ನಡೆದೆ.

ಕೆರೆಯಂಚಿನ ಚಹಾದಂಗಡಿಯಲ್ಲಿ ಸುಂದರಿಯೊಬ್ಬಳು ಅವನಿಗೆ ತಲೆ ತಾಗಿಸಿ ಮಾತಾಡುತ್ತಿದ್ದಳು. ಅವನ ಮುಖ ಬಾಡಿಹೋಗಿತ್ತು.

"ನನ್ನ ಗಂಡಿನ ಹತ್ರ ನಿಂದೇನೇ ಗುಸುಗುಸು?"

ಅವಳು ಅವನತ್ತ ನೋಡಿದಳು. "ಇವಳಿಗೂ ಹೇಳಿ ಸಿಸ್ಟರ್" ಎಂದ.

"ನಾನು ಕ್ಲಿನಿಕ್ಕಿನವಳಮ್ಮ. ಎಚ್‌ಐವಿ ಇರೋ ಒಬ್ಬರು, ಇವರಿಗೂ ಪರೀಕ್ಷೆ ಮಾಡಿ ಅಂತ ಹೆಸರು ಕೊಟ್ಟಿದ್ದಾರೆ. ಇನ್ನೊಬ್ಬರ ಕಿವಿಗೆ ಬೀಳಬಾರದು ಅಂತ ಫೋನಲ್ಲಿ ಹೇಳಲಿಲ್ಲ."

"ಯಾರವಳು? ಹೆಸರು ಹೇಳಿ!"

"ಕುತ್ತಿಗೆ ಕುಯ್ದರೂ ಹೇಳಲ್ಲ."

"ನೀನಾದ್ರೂ ಹೇಳೋ!"

"ನಿನಗಿಂತ ಮುಂಚಿನವಳು ಮಾರಾಯ್ತಿ."

"ನನಗಿಂತ ಚೆನ್ನಾಗಿದ್ಳಾ?"

"ಈಗ ಅದು ಬೇಕಾ?"

"ಬೇಕು!"

ಕ್ಲಿನಿಕ್ಕಿಗೆ ಅವನ ಜೊತೆ ನಾನೂ ಹೋದೆ. ಆ ಜೇನುದನಿಯವಳ ಜೊತೆ ಒಬ್ಬನನ್ನೇ ಬಿಡುವುದುಂಟೇ? ಅವನ ಪಕ್ಕ ಕುಳಿತು ನಾನೂ ಬೆರಳು ಚಾಚಿದೆ. ಫಲಿತಾಂಶವನ್ನು ಇಬ್ಬರೂ ಒಟ್ಟಿಗೆ ಕೇಳುತ್ತೇವೆಂದು ಜಂಬದಿಂದ ಹೇಳಿದ್ದೂ ನಾನೇ.

ಅವನ ಪರೀಕ್ಷೆಯ ಪಟ್ಟಿಯಲ್ಲಿ ಒಂದೇ ಗೆರೆ, ಸೋಂಕಿಲ್ಲ. ನನ್ನದರಲ್ಲಿ ಎರಡು. ಬೇರೆ ಪಟ್ಟಿಯಲ್ಲಿ ಮತ್ತೆ ನೋಡಿದರು. ಆಗಲೂ ಎರಡು.

ಸೋಂಕು ಇದ್ದದ್ದು ನನಗೆ. ನೆಕೆಸಾ ನನ್ನ ಕೈ ಹಿಡಿದು ನಿಧಾನವಾಗಿ ಹೇಳಿದಳು: ದಿನವೂ ಮಾತ್ರೆ ತಗೋ, ರಕ್ತದಲ್ಲಿ ವೈರಸ್ ಕಾಣದಷ್ಟು ಇಳಿದ ಮೇಲೆ ಇವನಿಗೆ ಅಂಟುವುದಿಲ್ಲ, ಅಲ್ಲಿಯವರೆಗೆ ಇವನಿಗೂ ತಡೆಮಾತ್ರೆ ಕೊಡುತ್ತೇವೆ. ಆಮೇಲೆ ಪುಸ್ತಕ ಬಿಡಿಸಿದಳು.

"ಈಗ ಹಿಂದೆ ನಿಮ್ಮ ಜೊತೆ ಇದ್ದವರ ಹೆಸರು ಬೇಕಮ್ಮ."

ಊರಿಗೆಲ್ಲ ಕೇಳುವಂತೆ ಹೆಸರಿಗಾಗಿ ಕಿರುಚಿದ್ದವಳು ಈಗ ಆ ಪುಸ್ತಕ ಮುಚ್ಚಲು ಕೈ ಚಾಚಿದೆ. ಒಮೊಲ್ಲೊ ಎದ್ದು ನಿಂತ. ದವಡೆ ಬಿಗಿದಿತ್ತು. ಹಸುಗಳು ಇನ್ನು ನಮ್ಮಪ್ಪನ ಅಂಗಳಕ್ಕೆ ಬರುವುದಿಲ್ಲ ಎಂದುಕೊಂಡೆ.

"ಎಲ್ಲಿಗೋ?"

"ಹೊರಗೆ. ಅವರ ಹೆಸರು ಕೇಳಿದ್ರೆ ಹೊಟ್ಟೆ ಉರಿಯುತ್ತೆ ಕಣೆ. ನಾಳೆ ಸಂತೇಲಿ ಸಿಕ್ಕರೆ ಹೊಡೆದುಬಿಡ್ತೀನಿ." ಬಾಗಿಲಲ್ಲಿ ತಿರುಗಿದ. ಕಣ್ಣು ಒದ್ದೆಯಾಗಿತ್ತು. "ಆದ್ರೆ ಒಬ್ಬನನ್ನೂ ಮುಚ್ಚಿಡಬೇಡ. ಅವರಿಗೂ ಹೆಂಡ್ತಿ ಇರಬಹುದು. ಎಲ್ಲಾ ಹೇಳು... ಕೊನೇ ಹೆಸರು ಮಾತ್ರ ನಂದಾಗಿರಲಿ."

ಎರಡು ಹೆಸರುಗಳನ್ನು ಪಿಸುಗುಟ್ಟಿದೆ. ಮೂರನೆಯದನ್ನು ಹೊರಗೆ ನಿಂತವನಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದೆ.