ಇವಳು ನಿನಗೇನಾಗಬೇಕು?

ತೈವಾನಿನ ಶೆಂಗಾಂಗಿನಲ್ಲಿ ಯಾರೂ ಮುಖಕ್ಕೆ ಹೊಡೆದ ಹಾಗೆ ‘ಆಗಲ್ಲ’ ಅನ್ನುವುದಿಲ್ಲ. ಕೂರಿಸುತ್ತಾರೆ, ಚಹಾ ಬಗ್ಗಿಸುತ್ತಾರೆ, ‘ಅಪ್ಪ ಹೇಗಿದ್ದಾರೆ?’ ಅಂತ ವಿಚಾರಿಸುತ್ತಾರೆ, ಆಮೇಲೆ ‘ಹೊಸ ವರ್ಷ ಕಳೀಲಿ, ನೋಡೋಣ’ ಅನ್ನುತ್ತಾರೆ. ಆ ಬುಧವಾರ ಮಷೀನು ಕೆಲಸದ ಓಣಿಯ ತಗಡಿನ ಶೆಡ್ಡುಗಳನ್ನೆಲ್ಲ ಸುತ್ತಿ, ಎಲ್ಲ ಕಡೆ ಇದೇ ಮಾತು ಕೇಳಿ, ಹೊಟ್ಟೆ ತುಂಬ ಊಲಾಂಗ್ ಚಹಾ ತುಂಬಿಕೊಂಡು ಆ-ಡೆಯ ಬಾಗಿಲಿಗೆ ಬಂದು ನಿಂತಾಗ ನನಗೆ ಅಳುವುದೋ ಬೈಯುವುದೋ ಗೊತ್ತಾಗಲಿಲ್ಲ.

ಬೈದೆ.

“ನಿಮ್ಮೋರಿಗೆಲ್ಲ ಏನಾಗಿದೆ ಆ-ಡೆ? ನಾನೇನು ಭಿಕ್ಷೆ ಕೇಳೋಕೆ ಬಂದಿದ್ದೀನಾ? ಶುಕ್ರವಾರ ಸಂಜೆಯೊಳಗೆ ನಾನು ಮಾಡಿಸ್ತಿರೋ ಮಾದರಿ ಗಾಲಿಕುರ್ಚಿ ಆಸ್ಪತ್ರೆಗೆ ಮುಟ್ಟಬೇಕು. ಎರಡು ಗೇರ್ ಕಣೋ, ಬರೀ ಎರಡು ಗೇರ್!”

ಅವನು ಮಷೀನು ನಿಲ್ಲಿಸಿ ಕೈಯ ಎಣ್ಣೆಯನ್ನು ಬಟ್ಟೆಯಲ್ಲಿ ಒರೆಸಿಕೊಂಡ. ಬೇರೆ ದಿನವಾಗಿದ್ದರೆ ‘ಬನ್ನಿ ತೈಪೇ ಮೇಡಂ’ ಅಂತ ಕಣ್ಣು ಕಿರಿದು ಮಾಡಿ ನಗುತ್ತಿದ್ದ. ನಕ್ಕರೆ ಎಡಗೆನ್ನೆಯಲ್ಲಿ ಒಂದು ಗುಳಿ ಬೀಳುತ್ತಿತ್ತು. ಅದನ್ನು ನೋಡಲೆಂದೇ ಇಲ್ಲದ ಕೆಲಸ ಹುಟ್ಟಿಸಿಕೊಂಡು ಎಷ್ಟು ಸಲ ಬಂದಿದ್ದೇನೋ! ಅವತ್ತು ಅವನು ನನ್ನ ಮುಖವನ್ನೇ ನೋಡಲಿಲ್ಲ.

“ಗೇರ್ ಡ್ರಾಯಿಂಗ್ ಯಾರ್ಯಾರಿಗೆ ಕಳಿಸಿದೆ, ಬಿ-ರು?”

“ನಿಂಗೆ. ಆಮೇಲೆ ಹೊಂಗ್ ದೊಡ್ಡಪ್ಪಂಗೆ. ಇನ್ನೂ ಒಂದಿಬ್ಬರಿಗೆ. ರೇಟ್ ಎಷ್ಟಾಗುತ್ತೆ ಅಂತ ಕೇಳೋದು ತಪ್ಪಾ? ನಮ್ಮ ಆಫೀಸಲ್ಲಿ ಮೂರು ಕೊಟೇಶನ್ ಇಲ್ದೆ ಪೆನ್ಸಿಲ್ ಕೂಡ ತರ್ತಿರಲಿಲ್ಲ.”

“ದೊಡ್ಡಪ್ಪ ನನ್ನ ಕರೆಸಿ, ಕೂರಿಸಿ, ಚಹಾ ಕೊಟ್ಟು ಫೋನ್ ತೋರಿಸಿದ್ರು. ‘ನೀನು ಕರ್ಕೊಂಡು ಬಂದೋಳು ನಿನ್ನ ಕೆಲಸಕ್ಕೆ ನನ್ನ ರೇಟ್ ಕೇಳ್ತಿದ್ದಾಳೆ ಮಗಾ’ ಅಂದ್ರು. ಓಣಿಗೇ ಹಿರಿಯರು, ನಂಗೆ ಕೆಲಸ ಕಲಿಸಿದೋರು ಅವರು. ಅವರ ಮುಂದೆ ಮುಖ ಎಲ್ಲಿಟ್ಕೊಳ್ಲಿ ಹೇಳು?”

ಆಗ ನನಗೆ ಅರ್ಥವಾಯಿತು. ಈ ಓಣಿಯಲ್ಲಿ ಕೆಲಸವನ್ನು ಒಬ್ಬನ ಕೈಗೆ ಕೊಡಬೇಕು. ಯಾರ ಮಷೀನು ಖಾಲಿ ಇದೆ, ಯಾರ ಕೈ ಯಾವುದಕ್ಕೆ ಚೆನ್ನ ಅಂತ ನೋಡಿ ಮುಂದಿನವರನ್ನು ಅವನೇ ಕರೆಯುತ್ತಾನೆ. ಒಂದೇ ಗೇರಿಗೆ ನಾಲ್ಕು ಬಾಗಿಲು ಬಡಿದರೆ ಅಕ್ಕಪಕ್ಕದವರನ್ನು ಕಾದಾಟಕ್ಕೆ ಬಿಟ್ಟ ಹಾಗೆ. ಫೋನಿನ ಲೈನ್ ಗ್ರೂಪಿನಲ್ಲಿ ಬೆಳಗಾದರೆ ನನಗೆ ಹೂವಿನ ಚಿತ್ರ ಕಳಿಸುತ್ತಿದ್ದವರೆಲ್ಲ ಯಾಕೆ ಸುಮ್ಮನಾಗಿದ್ದರು ಅಂತ ಈಗ ಗೊತ್ತಾಯಿತು.

ಇವರನ್ನು ಬಿಟ್ಟರೆ ನನಗೆ ಯಾರಿದ್ದರು? ಅಪ್ಪನಿಗೆ ಪಾರ್ಶ್ವವಾಯು ಹೊಡೆದು ಬಲಭಾಗ ಬಿದ್ದುಹೋಯಿತು. ಮಾಮೂಲಿ ಗಾಲಿಕುರ್ಚಿಯನ್ನು ಒಂದೇ ಕೈಯಲ್ಲಿ ತಳ್ಳಿದರೆ ಅದು ಮುಂದೆ ಹೋಗದೆ ಇದ್ದಲ್ಲೇ ಸುತ್ತುತ್ತದೆ. ಅಪ್ಪ ಹಾಗೆ ಸುತ್ತಿ ಸುತ್ತಿ ಗೋಡೆಗೆ ಡಿಕ್ಕಿ ಹೊಡೆದು, ನನಗೆ ಗೊತ್ತಾಗಬಾರದೆಂದು ನಗುವುದನ್ನು ನೋಡಿ ತೈಪೇಯ ಕೆಲಸ ಬಿಟ್ಟು ಸ್ವಂತದ್ದೊಂದು ಚಿಕ್ಕ ಕಂಪನಿ ಮಾಡಿದೆ. ಒಂದೇ ಕೈಯಲ್ಲಿ ನೆಟ್ಟಗೆ ಹೋಗುವ ಕುರ್ಚಿಯ ಡ್ರಾಯಿಂಗ್ ಹಿಡಿದು ದೊಡ್ಡ ಕಾರ್ಖಾನೆಗಳಿಗೆ ಅಲೆದೆ. ಗೇಟಿನೊಳಗೆ ಬಿಟ್ಟುಕೊಳ್ಳಲಿಲ್ಲ. ಈ ಓಣಿಯಲ್ಲಿ ಆ-ಡೆ ಬಿಟ್ಟುಕೊಂಡ. ‘ನಾನು ಹೊಣೆ’ ಅಂತ ಹೇಳಿ ಒಂದೊಂದು ಶೆಡ್ಡಿನ ಚಹಾ ಮೇಜಿಗೂ ನನ್ನನ್ನು ಕರೆದುಕೊಂಡು ಹೋದ.

ಕುರ್ಚಿ ಹುಟ್ಟಿದ್ದು ಆ ಮೇಜುಗಳಲ್ಲೇ. ‘ಸೈಕಲ್ಲಿನ ಹಿಂದಿನ ಚಕ್ರದೊಳಗಿರುತ್ತಲ್ಲ, ಆ ಫ್ರೀವೀಲ್ ಹಾಕಮ್ಮ’ ಅಂದ ಒಬ್ಬ. ‘ಹಿಡಿ ಅಷ್ಟು ದಪ್ಪ ಇದ್ರೆ ಮುದುಕರ ಕೈಗೆ ನಿಲ್ಲುತ್ತಾ?’ ಅಂತ ಕುಲುಮೆಯ ಚ್ಯಾವ್ ಅಕ್ಕ ನನ್ನ ಡ್ರಾಯಿಂಗ್ ಮೇಲೆ ಚಹಾ ಚೆಲ್ಲಿಕೊಂಡೇ ಗೀಚಿದಳು. ಹೊಂಗ್ ದೊಡ್ಡಪ್ಪ ಅಡಿಕೆ ಜಗಿಯುತ್ತಾ ‘ಒಂದಲ್ಲ, ಎರಡು ಗೇರ್ ಬೇಕು’ ಅಂದರು. ಅಷ್ಟಕ್ಕೆ ಕುರ್ಚಿ ನೆಟ್ಟಗಾಯಿತು.

ನಾನು ಮನಸ್ಸು ಸೋತು ಕೆಟ್ಟದ್ದೂ ಅಲ್ಲೇ. ಆ-ಡೆ ನನ್ನ ಬಟ್ಟಲು ಖಾಲಿಯಾಗಲು ಬಿಡುತ್ತಿರಲಿಲ್ಲ. ಥ್ಯಾಂಕ್ಸ್ ಹೇಳಲು ನಾನು ಎರಡು ಬೆರಳಿನಿಂದ ಮೇಜು ತಟ್ಟಿದರೆ ಹಬೆಯ ಆಚೆಯಿಂದ ಓರೆಗಣ್ಣಲ್ಲಿ ನೋಡುತ್ತಾ, “ಬರೀ ಬೆರಳಲ್ಲೇ ಮುಗಿಸ್ತೀರಾ ಮೇಡಂ?” ಅನ್ನುತ್ತಿದ್ದ. “ಇನ್ನೇನು ಕಾಲಿಗೆ ಬೀಳ್ಬೇಕಾ?” ಅಂದರೆ, “ಬೀಳೋದೇನೂ ಬೇಡ, ನಾಳೆ ಮತ್ತೆ ಬಂದ್ರೆ ಸಾಕು” ಅನ್ನುವನು. ಕಿವಿ ಮಾತ್ರ ಕೆಂಪಗಾಗಿರುತ್ತಿತ್ತು. ಇಬ್ಬರೂ ಅದಕ್ಕಿಂತ ಮುಂದೆ ಒಂದು ಮಾತೂ ಆಡಿರಲಿಲ್ಲ.

“ಬೈಕೋ, ಎಷ್ಟು ಬೇಕಾದ್ರೂ ಬೈಕೋ,” ಅಂದೆ, ಅವನ ಬಾಗಿಲಲ್ಲೇ ನಿಂತು. “ಆದ್ರೆ ಶುಕ್ರವಾರ ತಪ್ಪಿದ್ರೆ ಆಸ್ಪತ್ರೆಯೋರು ಬೇರೆಯೋರ ಕುರ್ಚಿಗೆ ಆರ್ಡರ್ ಕೊಡ್ತಾರೆ. ನನ್ನ ಕಂಪನಿ ಮುಳುಗುತ್ತೆ ಆ-ಡೆ.”

ಅವನು ಒಳಗಿನಿಂದ ಒಂದು ಪೊಟ್ಟಣ ತಂದು ಬಿಚ್ಚಿದ. ಎರಡು ಗೇರ್. ಹೊಸದಾಗಿ ಹಲ್ಲು ಕೊರೆದವು.

“ಯಾವಾಗ ಮಾಡಿದೆ?”

“ನಿನ್ನೆ. ಸಿಟ್ಟಲ್ಲೇ.” ಈಗಲೂ ನನ್ನ ಕಡೆ ನೋಡಲಿಲ್ಲ. “ಆದ್ರೆ ಇವಿನ್ನೂ ಮೆತ್ತಗಿವೆ. ಚ್ಯಾವ್ ಅಕ್ಕನ ಕುಲುಮೆಯಲ್ಲಿ ಗಟ್ಟಿಯಾಗ್ಬೇಕು, ದೊಡ್ಡಪ್ಪನ ಮಷೀನಲ್ಲಿ ನುಣುಪಾಗ್ಬೇಕು. ಹೀಗೇ ಹಾಕಿದ್ರೆ ಹಲ್ಲು ಸವೆದು ಯಾರನ್ನಾದ್ರೂ ಬೀಳಿಸುತ್ತೆ. ನಡಿ, ಹೋಗಿ ಕೇಳೋಣ.”

ಹೊಂಗ್ ದೊಡ್ಡಪ್ಪನ ಮುಂದೆ ನಾನು ಸೊಂಟ ಬಗ್ಗಿಸಿ ತಪ್ಪಾಯಿತು ಅಂದೆ. ಚ್ಯಾವ್ ಅಕ್ಕನೂ ಅಲ್ಲೇ ಕೂತಿದ್ದಳು. ದೊಡ್ಡಪ್ಪ ಚಹಾ ಬಗ್ಗಿಸಿದರು.

“ಒಪ್ಕೊಂಡ್ಯಲ್ಲಮ್ಮ, ಮುಗೀತು. ಹೊಸ ವರ್ಷ ಕಳೀಲಿ, ನೋಡೋಣ.”

“ದೊಡ್ಡಪ್ಪ, ನಾನು ಹೊಣೆ,” ಅಂದ ಆ-ಡೆ.

“ಹೋದ ಸಲಾನೂ ನೀನೇ ಹೊಣೆ ಅಂದಿದ್ದೆ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. “ವರ್ಷದ ಕೊನೆ, ಎಲ್ರಿಗೂ ಕೈತುಂಬ ಕೆಲಸ. ಹೊರಗಿನೋರು ಸರದಿಯಲ್ಲಿ ಬರ್ಬೇಕು. ಮನೆಯೋರಾದ್ರೆ ಬೇರೆ ಮಾತು, ಈಗಲೇ ಎಲ್ಲ ಬದಿಗಿಟ್ಟು ಮಾಡ್ಕೊಡ್ತೀವಿ. ನೀನೇ ಹೇಳು ಮಗಾ, ಇವಳು ನಿಂಗೇನಾಗ್ಬೇಕು?”

ಆ-ಡೆ ನನ್ನ ಕಡೆ ತಿರುಗಿದ. ಆ ದಿನ ಮೊದಲ ಸಲ ನನ್ನನ್ನು ನೋಡಿದ. ಕಿವಿ ಕೆಂಪಗಾಗಿತ್ತು, ತುಟಿ ತೆರೆದಿತ್ತು. ಯಾವ ಮಾತಿಗಾಗಿ ಹಾಸಿಗೆಯಲ್ಲಿ ಹೊರಳಾಡಿದ್ದೆನೋ ಅದೇ ಮಾತು ಅವನ ಬಾಯಿಗೆ ಬಂದು ನಿಂತಿತ್ತು. ಅಯ್ಯೋ, ಆದರೆ ಈ ಹೊತ್ತಲ್ಲಿ, ಈ ಮೇಜಿನ ಮೇಲೆ, ಎರಡು ಗೇರಿನ ಪಕ್ಕದಲ್ಲಿ!

“ಏನೂ ಆಗ್ಬೇಕಿಲ್ಲ!” ಅಂದುಬಿಟ್ಟೆ. “ನಾನು ಇವನಿಗೆ ಏನೂ ಅಲ್ಲ ದೊಡ್ಡಪ್ಪ. ಹೊರಗಿನೋಳು. ಸರದಿಯಲ್ಲೇ ಬರ್ತೀನಿ.”

ಹೊರಗೆ ಬಂದವಳು ಭತ್ತದ ಗದ್ದೆಯ ಕಾಲುವೆಯ ಪಕ್ಕ ಎತ್ತ ಹೋಗುತ್ತಿದ್ದೇನೆಂದೂ ತಿಳಿಯದೆ ನಡೆದೆ. ಹಿಂದೆಯೇ ಸ್ಕೂಟರಿನ ಸದ್ದು. ಅವನು ಅದನ್ನು ಅಡ್ಡ ತಂದು ನಿಲ್ಲಿಸಿದ.

“ಎರಡನೇ ಸಲ ನನ್ನ ಮರ್ಯಾದೆ ಕಳೆದೆ! ನಾನು ಏನು ಹೇಳೋನಿದ್ದೆ ಅಂತ ನಿಂಗೆ ಗೊತ್ತಿತ್ತು.”

“ಗೊತ್ತಿತ್ತು. ಅದಕ್ಕೇ ಹೇಳಕ್ಕೆ ಬಿಡಲಿಲ್ಲ.”

“ಯಾಕೆ? ನಾನು ಎಣ್ಣೆ ಕೈಯೋನು ಅಂತಾನಾ?”

“ಥೂ, ಮುಚ್ಚು ಬಾಯಿ!” ನನಗೆ ಅಳು ಒತ್ತರಿಸಿ ಬಂತು. “ಆ ಮಾತಿಗೆ ಗೇರ್ ಸಿಗ್ತಿತ್ತು ಕಣೋ. ಗೇರಿಗೋಸ್ಕರ ಸೊಸೆಯಾಗಿ ಬಂದಳು ಅಂತ ಈ ಓಣಿ ಸಾಯೋವರೆಗೂ ಅನ್ನುತ್ತೆ. ಓಣಿ ಹಾಳಾಗ್ಲಿ, ನೀನು? ಒಂದಿನ ಜಗಳ ಆದಾಗ ನಿನ್ನ ಮನಸ್ಸಿಗೆ ಅದು ಬರಲ್ವಾ? ನಿಜ ಹೇಳು.”

ಅವನು ಇಲ್ಲ ಅನ್ನಲಿಲ್ಲ. ಹೆಲ್ಮೆಟ್ ತೆಗೆದು ಸೀಟಿನ ಮೇಲಿಟ್ಟ.

“ನೀನಂದ್ರೆ ನಂಗೆ ಪ್ರಾಣ ಆ-ಡೆ,” ಅಂದೆ. “ನೀನು ಬಗ್ಗಿಸೋ ಚಹಾ ಅಂತ ರಾತ್ರಿ ನಿದ್ದೆ ಬರದಿದ್ರೂ ಪರವಾಗಿಲ್ಲ ಅಂತ ಕುಡೀತೀನಿ. ಆದ್ರೆ ನಿನ್ನನ್ನ ಕೆಲಸಕ್ಕೆ ಬಳಸ್ಕೊಂಡೆ ಅನ್ನಿಸ್ಕೊಳ್ಳಲ್ಲ.”

ಅವನು ಒಂದು ಹೆಜ್ಜೆ ಹತ್ತಿರ ಬಂದ. ಆಮೇಲೆ ನನ್ನ ಕೆನ್ನೆ ಒರೆಸಲು ಕೈಯೆತ್ತಿ, ಕೈಯ ಎಣ್ಣೆ ನೆನಪಾಗಿ, ಅರ್ಧದಲ್ಲೇ ನಿಲ್ಲಿಸಿದ. ನಾನೇ ಆ ಕೈ ಹಿಡಿದು ಕೆನ್ನೆಗೆ ಒತ್ತಿಕೊಂಡೆ.

“ಮದುವೆ ಆಗ್ತೀಯಾ?” ಅಂದ.

“ಆಗ್ತೀನಿ. ಆದ್ರೆ ಶುಕ್ರವಾರ ಸಂಜೆ ಕಳೆಯೋವರೆಗೂ ಓಣಿಯಲ್ಲಿ ಯಾರಿಗೂ ಹೇಳ್ಕೂಡದು.”

“ಹುಚ್ಚಿ! ಹಾಗಾದ್ರೆ ಕುರ್ಚಿ?”

“ಹೋಗಲಿ.”

“ನಿಮ್ಮಪ್ಪ?”

ನಾನು ಮನೆಯ ದಾರಿ ಹಿಡಿದೆ. ಗುರುವಾರ ಬೆಳಗ್ಗೆ ಅಪ್ಪನಿಗೆ ಗಂಜಿ ಕುಡಿಸುತ್ತಾ ಎಲ್ಲ ಹೇಳಿದೆ. ಅಪ್ಪ ಸೊಟ್ಟ ಬಾಯಿಯಲ್ಲಿ ನಿಧಾನಕ್ಕೆ, “ಹುಡುಗ ನಿಂಗಿಷ್ಟಾನಾ?” ಅಂದರು. ಹೌದು ಅಂದೆ. “ಮತ್ತೆ ಅಳ್ತೀಯಾಕೆ, ಕೋತಿ?” ಅಂದು ಬಾಯಿ ತೆರೆದು ಇನ್ನೊಂದು ಚಮಚ ಗಂಜಿಗೆ ಕಾದರು.

ಆ ಗುರುವಾರ ನರಕ. ಚ್ಯಾವ್ ಅಕ್ಕ ಮಧ್ಯಾಹ್ನಕ್ಕೆ ಹೊಸ ವರ್ಷದ ರಜೆಗೆಂದು ಕುಲುಮೆ ಆರಿಸುವವಳಿದ್ದಳು. ಅದು ಆರಿದರೆ ಮುಗಿಯಿತು. ಕುಲುಮೆಯ ಎದುರಿಗೆ ನಾನು ಬಾಡಿಗೆಗೆ ಹಿಡಿದಿದ್ದ ಶೆಡ್ಡಿಗೆ ಆ-ಡೆ ಪೊಟ್ಟಣ ಹಿಡಿದು ಬಂದ. “ಇನ್ನೂ ಉರೀತಿದೆ ಬಿ-ರು. ಒಂದು ಮಾತು, ಓಡಿ ಹೋಗಿ ಹೇಳ್ತೀನಿ.” ನಾನು ಬೇಡ ಅಂತ ತಲೆಯಾಡಿಸಿದೆ. ಹೋದ. ಮತ್ತೆ ಬಂದ. “ನಿನ್ನ ಕಾಲು ಹಿಡೀತೀನಿ ಕಣೇ, ಈ ಹಟ ಬಿಡು.” ನನ್ನ ಎದೆಯೊಳಗೆ ‘ಹೋಗು, ಹೇಳು, ಓಡು’ ಅಂತ ಯಾರೋ ಕಿರುಚುತ್ತಿದ್ದರು. ಎರಡೂ ಕೈಯಿಂದ ಮೇಜನ್ನು ಗಟ್ಟಿಯಾಗಿ ಹಿಡಿದು ಕೂತೆ. ಬೀದಿಯಾಚೆ ಕುಲುಮೆಯ ಗುಂಯ್ ಸದ್ದು ನಿಂತಿತು. ಆ-ಡೆ ನನ್ನ ಪಕ್ಕ ಕುಸಿದು ಕೂತು, ಮಂಡಿಯಲ್ಲಿ ಮುಖ ಹುದುಗಿಸಿದ.

ಶುಕ್ರವಾರ ಓಣಿಯಲ್ಲಿ ವರ್ಷದ ಕೊನೆಯ ಊಟ. ಭೂದೇವರಿಗೆ ಇಡೀ ಕೋಳಿ ಇಟ್ಟು, ಊದುಬತ್ತಿ ಹಚ್ಚಿ, ಬೀದಿಗೆ ದುಂಡು ಮೇಜು ಹಾಕಿದ್ದರು. ಆಸ್ಪತ್ರೆಯಿಂದ ಫೋನ್ ಬಂದಾಗ ಇಬ್ಬರೂ ಆ-ಡೆಯ ಶೆಡ್ಡಿನೊಳಗೆ ಕೂತಿದ್ದೆವು.

“ಕುರ್ಚಿ ರೆಡಿ ಇಲ್ಲ,” ಅಂದೆ.

ಆ ಕಡೆಯ ಹೆಂಗಸು ಪಾಪ ಒಳ್ಳೆಯವಳು. “ಹಾಗಾದ್ರೆ ಬೇರೆಯವರದು ತಗೋತೀವಿ. ಮುಂದಿನ ವರ್ಷ ನೋಡೋಣ,” ಅಂದಳು.

ಫೋನ್ ಇಟ್ಟೆ. ಸತ್ತವರ ಮನೆಯಲ್ಲಿ ಅಳುವ ಹಾಗೆ ಅತ್ತೆ, ಆ-ಡೆಯ ಎಣ್ಣೆ ವಾಸನೆಯ ಶರಟಿಗೆ ಮುಖವೊತ್ತಿ. ಆಮೇಲೆ ಮೂಗು ಒರೆಸಿಕೊಂಡೆ.

“ಈಗ ನಿನ್ನಿಂದ ನಂಗೆ ಸಿಗೋದು ಏನೂ ಉಳಿದಿಲ್ಲ, ನೀನೊಬ್ಬ ಬಿಟ್ಟು,” ಅಂದೆ. “ಈಗ ಹೋಗಿ ಹೇಳು.”

ಅವನು ನನ್ನ ಕೈಹಿಡಿದು ಬೀದಿಗೆ ಎಳೆದುಕೊಂಡೇ ಹೋದ.

“ದೊಡ್ಡಪ್ಪ! ಬುಧವಾರ ಕೇಳಿದ್ರಲ್ಲ, ಇವಳು ನನ್ನ ಹೆಂಡತಿ ಆಗೋಳು!”

ಓಣಿಯೆಲ್ಲ ಹೋ ಅಂದಿತು. ಹೊಂಗ್ ದೊಡ್ಡಪ್ಪ ಮಾತ್ರ ಊಟದ ಕಡ್ಡಿ ಕೆಳಗಿಟ್ಟರು.

“ಯಾವಾಗ ಒಪ್ಪಿದಳು?”

“ಬುಧವಾರಾನೇ. ನಿಮ್ಮ ಮನೆಯಿಂದ ಹೊರಟ ಮೇಲೆ.”

“ಕುರ್ಚಿ?”

“ಈಗ ಫೋನ್ ಬಂತು. ಹೋಯ್ತು.”

ಚ್ಯಾವ್ ಅಕ್ಕ ಹಣೆ ಚಚ್ಚಿಕೊಂಡಳು. “ಅಯ್ಯೋ ನಿನ್ನ ಮನೆ ಕಾಯ್ವಾಗ! ನಿನ್ನೆ ಮಧ್ಯಾಹ್ನದವರೆಗೂ ಕುಲುಮೆ ಉರೀತಿತ್ತಲ್ಲೇ ತಾಯಿ! ಎದುರುಗಡೆ ಕೂತು ನೋಡ್ತಾನೇ ಇದ್ಯಲ್ಲೇ!”

“ನೋಡ್ತಾ ಇದ್ದೆ ಅಕ್ಕ,” ಅಂದೆ. ದೊಡ್ಡಪ್ಪ ತಮ್ಮ ಪಕ್ಕದ ಸ್ಟೂಲು ಎಳೆದು ಕೂರಲು ಸನ್ನೆ ಮಾಡಿದರು. ಆಮೇಲೆ ಆ-ಡೆಯ ಕಡೆ ಕೈ ಚಾಚಿದರು.

“ಎಲ್ಲಿ, ಆ ಗೇರ್ ಕೊಡು.”

“ಈಗ ಯಾಕೆ ದೊಡ್ಡಪ್ಪ? ಆಸ್ಪತ್ರೆ ಕೈಬಿಟ್ಟು ಹೋಯ್ತಲ್ಲ.”

“ಆಸ್ಪತ್ರೆಗೆ ಬೆಂಕಿ ಬೀಳ್ಲಿ!” ಅಂದರು ಹೊಂಗ್ ದೊಡ್ಡಪ್ಪ, ಕಣ್ಣು ತೇವ ಮಾಡಿಕೊಂಡು. “ಮಗಳ ಮದುವೆ ಕಣಯ್ಯ. ಹೆಣ್ಣಿನಪ್ಪ ಯಾರಿಂದಲೂ ತಳ್ಳಿಸ್ಕೊಳ್ದೆ, ತನ್ನ ಕೈಯಲ್ಲೇ, ನೆಟ್ಟಗೆ ಬರಬೇಕೋ ಬೇಡ್ವೋ?”

ಚ್ಯಾವ್ ಅಕ್ಕ ಅರ್ಧ ಊಟಕ್ಕೇ ಎದ್ದು, ಕುಲುಮೆಯ ಬೀಗದ ಕೈ ಹುಡುಕುತ್ತಾ ಹೊರಟಳು.